ಕಾಲು ಮುರಿದು ಮಲಗಿದ್ದೇನೆ, ಎಷ್ಟು ಪ್ರಾರ್ಥಿಸಿದರೂ ನೆಮ್ಮದಿ ಇಲ್ಲ. ನನ್ನ ವಿಶ್ವಾಸ ಕಡಿಮೆಯಾ?

"ಎರಡು ತಿಂಗಳಿಂದ ಹಾಸಿಗೆಯಲ್ಲಿದ್ದೇನೆ, ದಿನಾ ಜಪಸರ ಮಾಡುತ್ತೇನೆ, ಈಸ್ಟರ್ ಒಳಗೆ ನನ್ನನ್ನು ನಡೆಸು ಅಂತ ದೇವರ ಹತ್ತಿರ ಕೇಳುತ್ತಿದ್ದೇನೆ" ಎಂದು ಬರೆದಿದ್ದೀರಲ್ಲ, ಆ ಸಾಲು ಓದಿ ಮೊಬೈಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ನನ್ನದು ಈಸ್ಟರ್ ಅಲ್ಲ, ಕಾರ್ಕಳದ ಹತ್ತಿರದ ಅತ್ತೂರು ಚರ್ಚಿನ ಹಬ್ಬ. ಉಳಿದದ್ದೆಲ್ಲ ಅದೇ.

ನಾನು ಮೂಡುಬಿದಿರೆ ಕಡೆಯವನು. ದುಬೈಯಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದೆ. 2018ರ ನವೆಂಬರ್‌ನಲ್ಲಿ ಅಣ್ಣನ ಮದುವೆಗೆ ರಜೆ ಹಾಕಿ ಬಂದೆ. ಮದುವೆ ಚೆನ್ನಾಗಿಯೇ ಆಯಿತು. ಅದಾಗಿ ನಾಲ್ಕನೇ ದಿನ ರಾತ್ರಿ ಬೈಕಲ್ಲಿ ಬರುವಾಗ ನಾಯಿ ಅಡ್ಡ ಬಂತು. ಎಡಗಾಲು. ಮೊಣಕಾಲಿನ ಸ್ವಲ್ಪ ಕೆಳಗೆ, ಕೀಲು ಕೂರುವ ಜಾಗದಲ್ಲೇ ಮೂಳೆ ಒಡೆದಿತ್ತು. ಮಂಗಳೂರಿನಲ್ಲಿ ಆಪರೇಷನ್ ಮಾಡಿ ಪ್ಲೇಟ್, ಸ್ಕ್ರೂ ಹಾಕಿದರು. ಡಾಕ್ಟರ್ ಹೇಳಿದ್ದು ಒಂದೇ ಮಾತು: 12 ವಾರ ಆ ಕಾಲನ್ನು ನೆಲಕ್ಕೆ ಊರಬಾರದು, ಆಮೇಲೆ ಎಕ್ಸ್‌ರೇ ನೋಡಿ ಹೇಳುತ್ತೇನೆ.

ನನ್ನ ತಲೆಯಲ್ಲಿ ಇದ್ದದ್ದು ಬೇರೆ ಲೆಕ್ಕ. ಆರು ತಿಂಗಳಿಗಿಂತ ಜಾಸ್ತಿ ದೇಶದ ಹೊರಗಿದ್ದರೆ ಅಲ್ಲಿನ ವೀಸಾ ಹೋಗುತ್ತದೆ. ನಾನು ದುಬೈ ಬಿಟ್ಟದ್ದು ನವೆಂಬರ್ ಮಧ್ಯದಲ್ಲಿ, ಅಂದರೆ ಮೇ ತಿಂಗಳ ಮಧ್ಯದೊಳಗೆ ವಾಪಸ್ ಇಳಿಯಬೇಕು. ಮನೆಯ ಸಾಲ, ಮದುವೆಯ ಸಾಲ ಎರಡೂ ನನ್ನ ಸಂಬಳದ ಮೇಲೆ ನಿಂತಿತ್ತು. ಹಾಗಾಗಿ ಹಾಸಿಗೆಯಲ್ಲೇ ಹರಕೆ ಹೊತ್ತೆ. ಜನವರಿ ಕೊನೆಗೆ ಅತ್ತೂರಿನ ಸಂತ ಲಾರೆನ್ಸರ ಹಬ್ಬ ಬರುತ್ತದಲ್ಲ, ಅಷ್ಟರೊಳಗೆ ಗುಣ ಮಾಡು, ನನ್ನ ಕಾಲಲ್ಲೇ ನಡೆದು ಬಂದು ಮೊಂಬತ್ತಿ ಹಚ್ಚುತ್ತೇನೆ. ನಮ್ಮ ಕಡೆ ಜಾತಿ ಧರ್ಮ ನೋಡದೆ ಎಲ್ಲರೂ ಅಲ್ಲಿಗೆ ಹೋಗಿ ಮೊಂಬತ್ತಿ ಹಚ್ಚುತ್ತಾರೆ, ನಾನು ಚಿಕ್ಕಂದಿನಿಂದ ಒಂದು ವರ್ಷವೂ ತಪ್ಪಿಸಿದವನಲ್ಲ. ಹರಕೆ ಹೊತ್ತದ್ದು ತಪ್ಪು ಅಂತ ಇವತ್ತಿಗೂ ಹೇಳುವುದಿಲ್ಲ. ಅದಕ್ಕೆ ತಾರೀಕು ಹಾಕಿದ್ದು ತಪ್ಪು.

ಈಗ ನಾನು ಮಾಡಿದ ಕೆಲಸವನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದರ ಹತ್ತಿರ ಬಂದಿದ್ದೀರಿ ಅಂತ ನಿಮ್ಮ ಪ್ರಶ್ನೆಯ ಕೊನೆಯ ಸಾಲು ಹೇಳುತ್ತದೆ. "ನೋವೇ ಇಲ್ಲ, ಡಾಕ್ಟರ್ ಮಾತ್ರ ಬೇಡ ಅನ್ನುತ್ತಿದ್ದಾರೆ" ಅಂತ ಬರೆದಿದ್ದೀರಿ. ನನಗೂ ಏಳನೇ ವಾರಕ್ಕೆ ನೋವು ನಿಂತಿತ್ತು. ನೋವು ನಿಂತದ್ದನ್ನು ನಾನು ಅದ್ಭುತ ಅಂತ ತಿಳಿದೆ. ಅದು ಪ್ಲೇಟ್ ಮಾಡುತ್ತಿದ್ದ ಕೆಲಸ. ಪ್ಲೇಟ್ ಹಾಕಿದರು ಅಂದರೆ ಕಾಲು ಗಟ್ಟಿಯಾಯಿತು ಅಂತ ನಮಗೆ ಅನಿಸುತ್ತದೆ, ಹಾಗಲ್ಲ. ಒಡೆದ ತುಂಡುಗಳು ಅಲುಗಾಡದ ಹಾಗೆ ಅದು ಹಿಡಿದುಕೊಂಡಿರುತ್ತದೆ, ಅಷ್ಟೇ. ಅಲುಗಾಟ ಇಲ್ಲದಿದ್ದರೆ ನೋವೂ ಇಲ್ಲ. ಒಳಗೆ ಹೊಸ ಮೂಳೆ ಇನ್ನೂ ಹಸಿ ಇರುತ್ತದೆ. ಆ ಹೊತ್ತಿಗೆ ಮೈಭಾರ ಹಾಕಿದರೆ ಅಷ್ಟೂ ಭಾರವನ್ನು ಹೊರುವುದು ಲೋಹ ಮತ್ತು ನಾಲ್ಕಾರು ಸ್ಕ್ರೂಗಳು. ಮೂಳೆ ಮೊದಲು ಗಟ್ಟಿಯಾಗುತ್ತದೋ, ಲೋಹ ಮೊದಲು ಸೋಲುತ್ತದೋ ಅಂತ ಒಳಗೆ ಒಂದು ಓಟ ನಡೆಯುತ್ತಿರುತ್ತದೆ. ತಾಮ್ರದ ಪೈಪನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸಿದರೆ ಸೀಳುತ್ತದೆ ಅಂತ ಕೆಲಸದಲ್ಲಿ ದಿನಾ ನೋಡಿದವನು ನಾನು. ಆದರೂ ನನ್ನ ಕಾಲಿನ ವಿಷಯದಲ್ಲಿ ಅದು ಹೊಳೆಯಲಿಲ್ಲ. ಮೊಣಕಾಲಿನ ಕೀಲು ಇರುವ ಜಾಗವಂತೂ ಇನ್ನೂ ಸೂಕ್ಷ್ಮ. ಅಲ್ಲಿ ಮೂಳೆಯ ಮೇಲ್ಮೈ ಸ್ವಲ್ಪ ಕುಸಿದರೂ ಕಾಲೇ ವಾರೆಯಾಗುತ್ತದೆ.

ಒಂಬತ್ತನೇ ವಾರಕ್ಕೆ ಹಬ್ಬ ಬಂತು. ಅಮ್ಮ ಬೇಡ ಅಂದರು. ಅತ್ತಿಗೆ ಮನೆಗೆ ಬಂದು ಎರಡು ತಿಂಗಳಾಗಿತ್ತಷ್ಟೆ, ಅವರೂ ಬೇಡ ಅಂದರು. "ನಿಮಗೆ ವಿಶ್ವಾಸ ಇಲ್ಲ" ಅಂತ ನಾನು ಅವರಿಗೆ ಹೇಳಿದೆ. ಆ ಮಾತು ನೆನಪಾದರೆ ಈಗಲೂ ಎದೆ ಹಿಂಡುತ್ತದೆ. ವಾಕರ್ ಕಾರಿನಲ್ಲೇ ಬಿಟ್ಟು ಜನಜಂಗುಳಿಯಲ್ಲಿ ನಡೆದೆ, ಸಾಲಿನಲ್ಲಿ ಒಂದು ಗಂಟೆ ನಿಂತೆ, ಮೊಂಬತ್ತಿ ಹಚ್ಚಿದೆ, ಅತ್ತೆ. ರಾತ್ರಿ ಮೊಣಕಾಲು ಊದಿತು. ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೇ ದಿನ ಎಕ್ಸ್‌ರೇಯಲ್ಲಿ ಎರಡು ಸ್ಕ್ರೂ ಸಡಿಲವಾಗಿತ್ತು, ಮೂಳೆಯ ಮೇಲ್ಮೈ ಕುಸಿದಿತ್ತು. ಫೆಬ್ರವರಿಯಲ್ಲಿ ಎರಡನೇ ಆಪರೇಷನ್. ಸೊಂಟದಿಂದ ಮೂಳೆ ತೆಗೆದು ಮೊಣಕಾಲಿಗೆ ತುಂಬಿದರು. ಮತ್ತೆ ಮೊದಲಿನಿಂದ 12 ವಾರ. ಅಮ್ಮನ ಬಳೆ ಅಡವಿಗೆ ಹೋಯಿತು. ಮೇ ಬಂದಾಗ ನಾನು ಇನ್ನೂ ವಾಕರ್‌ನಲ್ಲೇ ಇದ್ದೆ. ವೀಸಾ ಹೋಯಿತು, ಕೆಲಸವೂ ಹೋಯಿತು. ಸುಮ್ನೆ ಫೆಬ್ರವರಿ ಕೊನೆಯವರೆಗೆ ಕಾದಿದ್ದರೆ, ಎರಡು ತಿಂಗಳು ಫಿಸಿಯೊ ಮಾಡಿ, ಮೇ ಮೊದಲ ವಾರದಲ್ಲಿ ವಿಮಾನ ಹತ್ತಬಹುದಿತ್ತು. ಅಷ್ಟು ಹತ್ತಿರ ಇತ್ತು.

ಎರಡನೇ ಸಲ ಮಲಗಿದಾಗ ನಾನು ಪ್ರಾರ್ಥನೆ ಬಿಟ್ಟೆ. ಕೋಪ. ಆಗ ಅಪ್ಪನಿಗೆ ಪರಿಚಯದ ಒಬ್ಬ ಜೆಸ್ವಿಟ್ ಫಾದರ್, ಅಂದರೆ ಯೇಸುಸಭೆಯ ಗುರು, ನೋಡಲು ಬಂದರು, ವಯಸ್ಸಾದವರು. ದೇವರ ಪರೀಕ್ಷೆ, ದೇವರ ಯೋಜನೆ ಅಂತ ಏನೂ ಹೇಳಲಿಲ್ಲ. ಅದಕ್ಕೇ ಅವರ ಮಾತು ಕೇಳಿದೆ. ಅವರು ಹೇಳಿದ್ದು ತಮ್ಮ ಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲರ ಕಾಲಿನ ಕಥೆ. ಮಂಗಳೂರಿನಲ್ಲಿ ಅವರ ಹೆಸರು ಕೇಳದ ಕ್ರೈಸ್ತರಿಲ್ಲ, ಆದರೆ ಕಾಲಿನ ವಿಷಯ ನನಗೆ ಗೊತ್ತಿರಲಿಲ್ಲ. 1521ರ ಮೇ ತಿಂಗಳಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಮೇಲೆ ಫ್ರೆಂಚರು ದಾಳಿ ಮಾಡಿದಾಗ ಫಿರಂಗಿ ಗುಂಡು ತಾಗಿ ಅವರ ಬಲಗಾಲು ಮುರಿಯಿತು. ಆಗ ಅವರು ಸಂತರೇನೂ ಅಲ್ಲ, ಹೆಸರು ಮಾಡಬೇಕು ಎಂಬ ಆಸೆಯ ಸೈನಿಕ. ಮೂಳೆ ಸರಿಯಾಗಿ ಕೂಡಲಿಲ್ಲ ಅಂತ ಮತ್ತೆ ಮುರಿದು ಜೋಡಿಸಿದರು. ಸಾಯುವ ಹಾಗಾಗಿ ಬದುಕಿದರು. ಆಮೇಲೆ ನೋಡಿದರೆ ಮೊಣಕಾಲ ಕೆಳಗೆ ಮೂಳೆಯ ತುಂಡೊಂದು ಉಬ್ಬಿ ನಿಂತಿತ್ತು, ಬಿಗಿಯಾದ ಬೂಟು ಹಾಕಲು ಆಗುವುದಿಲ್ಲ. ಚೆಂದ ಕಾಣಬೇಕು ಅಂತ ಆ ಮೂಳೆಯನ್ನು ಗರಗಸದಲ್ಲಿ ಕೊಯ್ಯಿಸಿಕೊಂಡರು. ಅರಿವಳಿಕೆ ಇಲ್ಲದ ಕಾಲ ಅದು. ಇಷ್ಟು ಮಾಡಿಯೂ ಆ ಕಾಲು ಗಿಡ್ಡವೇ ಉಳಿಯಿತು, ಜೀವನಪೂರ್ತಿ ಕುಂಟಿದರು.

ಬೂಟಿಗಾಗಿ ಮೂಳೆ ಕೊಯ್ಯಿಸಿಕೊಂಡದ್ದನ್ನು ಕೇಳಿದಾಗ ನನ್ನ ಹರಕೆ ನನಗೆ ಬೇರೆ ಥರ ಕಂಡಿತು. ಅತ್ತೂರಿನಲ್ಲಿ ನಾನು ನಡೆದದ್ದು ದೇವರಿಗಾಗಿಯೋ, ನಾನು ನಡೆಯುವುದನ್ನು ನಾಲ್ಕು ಜನ ನೋಡಲಿ ಅಂತಲೋ? ಎರಡೂ ಇತ್ತು.

ಕಥೆಯ ಮುಂದಿನ ಭಾಗವೇ ನಿಮ್ಮ ಪ್ರಶ್ನೆಗೆ ಉತ್ತರ. ತಿಂಗಳುಗಟ್ಟಲೆ ಮಲಗಿದ್ದ ಇಗ್ನೇಷಿಯಸ್ ಓದಲು ವೀರರ ಕಥೆ ಕೇಳಿದರು. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಜೀವನದ ಪುಸ್ತಕ ಮತ್ತು ಸಂತರ ಕಥೆಗಳು ಮಾತ್ರ. ಬೇರೆ ದಾರಿ ಇಲ್ಲದೆ ಓದಿದರು. ಯುದ್ಧ, ಅರಮನೆ, ಹೆಂಗಸರ ಮೆಚ್ಚುಗೆ ಇವನ್ನು ಯೋಚಿಸುವಾಗ ಖುಷಿ ಆಗುತ್ತಿತ್ತು, ಯೋಚನೆ ಮುಗಿದ ಮೇಲೆ ಮನಸ್ಸು ಒಣಗಿದ ಹಾಗೆ. ಸಂತರ ಹಾಗೆ ಬದುಕುವುದನ್ನು ಯೋಚಿಸಿದಾಗಲೂ ಖುಷಿ, ಆದರೆ ಆ ಖುಷಿ ಆಮೇಲೂ ಉಳಿಯುತ್ತಿತ್ತು. ಅವರು ಗಮನಿಸಿದ್ದು ಇಷ್ಟೇ, ಯಾವ ಯೋಚನೆ ಹೋದ ಮೇಲೆ ಬಾಯಲ್ಲಿ ಯಾವ ರುಚಿ ಉಳಿಯುತ್ತದೆ ಅಂತ. ಫಾದರ್ ನನಗೆ ಅದನ್ನೇ ಮಾಡಲು ಹೇಳಿದರು. ರಾತ್ರಿ ಮಲಗುವ ಮೊದಲು ಐದು ನಿಮಿಷ, ಇವತ್ತು ಏನು ಯೋಚಿಸಿದೆ, ಅದರ ನಂತರ ಮನಸ್ಸು ಹೇಗಿತ್ತು.

ಒಂದು ವಾರದಲ್ಲೇ ನನಗೆ ಗೊತ್ತಾಯಿತು. "ಪ್ರಾರ್ಥಿಸಿದ ಕೂಡಲೇ ಎದ್ದು ನಡೆದರು" ಅಂತ ಬರುವ ವೀಡಿಯೊ ನೋಡಿದ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ದುಬೈ ಗೆಳೆಯರ ಸ್ಟೇಟಸ್ ನೋಡಿದ ದಿನವೂ ಅಷ್ಟೇ. ಅಮ್ಮ ತೆರ್ಸ್, ಅಂದರೆ ಮನೆಯ ಜಪಸರ ಪ್ರಾರ್ಥನೆ, ಮುಗಿಸಿ ಹಾಸಿಗೆ ಹತ್ತಿರ ಬಂದು ಬೆಸಾಂವ್ (ಆಶೀರ್ವಾದ) ಕೊಟ್ಟಾಗ ಮಾತ್ರ ಏನೋ ಹಗುರ. ಅವರು ದಿನಾ ಕೊಡುತ್ತಿದ್ದರು, ನಾನು ಗಮನಿಸಿರಲಿಲ್ಲ. ನಮ್ಮಲ್ಲಿ ತೆರ್ಸ್ ಆದ ಮೇಲೆ ಕಿರಿಯರು ಹಿರಿಯರ ಹತ್ತಿರ ಹೋಗಿ ಬೆಸಾಂವ್ ಕೇಳುವುದು ಕ್ರಮ. ಇಲ್ಲಿ ಎಪ್ಪತ್ತರ ಹತ್ತಿರದ ಅಮ್ಮನೇ ಎದ್ದು ನನ್ನ ಹತ್ತಿರ ಬರುತ್ತಿದ್ದರು.

ಈಗ ನಿಮ್ಮ ಪ್ರಶ್ನೆ. ವಿಶ್ವಾಸ ಗಟ್ಟಿ ಇದ್ದರೆ ನೆಮ್ಮದಿ ಬರುತ್ತದೆ, ನೆಮ್ಮದಿ ಬಂದರೆ ಬೇಗ ಗುಣವಾಗುತ್ತದೆ ಅಂತ ನೀವು ಒಂದು ಏಣಿ ಕಟ್ಟಿದ್ದೀರಿ. ಆ ಏಣಿಯನ್ನು ದಯವಿಟ್ಟು ಇಳಿಸಿ. ಇರುವ ಸ್ಥಿತಿಯಲ್ಲಿ ಸಂತೃಪ್ತನಾಗಿರಲು ಕಲಿತಿದ್ದೇನೆ ಅಂತ ಸಂತ ಪೌಲರು ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಬರೆದದ್ದು ಸೆರೆಮನೆಯಿಂದ. ಕಲಿತೆ ಅನ್ನುತ್ತಾರೆ, ಸಿಕ್ಕಿತು ಅನ್ನುವುದಿಲ್ಲ. ಅವರೇ ತಮ್ಮ ದೇಹದಲ್ಲಿದ್ದ ಮುಳ್ಳನ್ನು ತೆಗೆ ಅಂತ ಮೂರು ಸಲ ಬೇಡಿದರು, ಮುಳ್ಳು ಹೋಗಲಿಲ್ಲ. ಪೌಲರ ವಿಶ್ವಾಸ ಕಡಿಮೆ ಇತ್ತು ಅಂತ ಯಾರಾದರೂ ಹೇಳುತ್ತಾರಾ? ಇನ್ನು ಮಾರ್ಕನ ಸುವಾರ್ತೆಯಲ್ಲಿ ನಾಲ್ಕು ಜನ ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮನೆಯ ಛಾವಣಿ ಬಿಚ್ಚಿ ಇಳಿಸುತ್ತಾರಲ್ಲ, ಅಲ್ಲಿ ಯೇಸು ಕಂಡದ್ದು "ಅವರ" ವಿಶ್ವಾಸವನ್ನು. ಮಲಗಿದ್ದವನು ಬಾಯಿ ತೆರೆದ ಅಂತಲೂ ಅಲ್ಲಿ ಬರೆದಿಲ್ಲ. ಹೊತ್ತವರ ವಿಶ್ವಾಸ ಸಾಕಾಯಿತು. ನಿಮಗೆ ಈಗ ಪ್ರಾರ್ಥಿಸಲು ಆಗದಿದ್ದರೆ ಬೇರೆಯವರು ನಿಮ್ಮನ್ನು ಹೊರಲಿ, ಬಿಡಿ.

ನನ್ನನ್ನು ಹೊತ್ತವರು ತುಂಬ ಜನ. ಎರಡನೇ ಆಪರೇಷನ್‌ಗೆ ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಹಣ ಕೊಟ್ಟರು, ನನ್ನ ಹೆಸರನ್ನು ಎಲ್ಲೂ ಓದಿ ಹೇಳಲಿಲ್ಲ. ಪಕ್ಕದ ಮನೆಯ ಬ್ಯಾರಿ ಮುಸ್ಲಿಂ ಹುಡುಗ ತನ್ನ ರಿಕ್ಷಾದಲ್ಲಿ ಫಿಸಿಯೊಗೆ ಕರೆದುಕೊಂಡು ಹೋಗುತ್ತಿದ್ದ, ಹಣ ಕೊಡಲು ಹೋದರೆ ಬೈಯುತ್ತಿದ್ದ. ಮೊದಲ ಸಲ ಇದೆಲ್ಲ ನನಗೆ ಅವಮಾನ ಅನಿಸಿತ್ತು, ಒಬ್ಬರಿಂದ ನೀರು ತರಿಸಿಕೊಳ್ಳುವುದೂ ಕಷ್ಟವಾಗಿತ್ತು.

ಪ್ರಾರ್ಥನೆ ವಾಪಸ್ ಬಂದದ್ದು ವ್ಯಾಯಾಮದ ಜೊತೆ. ಮೊಣಕಾಲ ಕೆಳಗೆ ಟವೆಲ್ ಸುತ್ತಿಟ್ಟು ಒತ್ತಿ ಹಿಡಿಯಬೇಕು, ಹತ್ತು ಎಣಿಸಿ ಬಿಡಬೇಕು, ನಿಮಗೂ ಇದನ್ನು ಹೇಳಿಕೊಟ್ಟಿರಬಹುದು. ಎಣಿಸುವ ಬದಲು ನಾನು ಒಂದು ನಮಾನ್ ಮರಿಯೆ, ಅಂದರೆ ಜಪಸರದ ಮಣಿಗೊಂದರಂತೆ ಹೇಳುವ ಮರಿಯಮ್ಮನ ಪ್ರಾರ್ಥನೆ, ಹೇಳಲು ಶುರು ಮಾಡಿದೆ. ಮೊದಲರ್ಧ ಹೇಳುವವರೆಗೆ ಒತ್ತುವುದು, ಉಳಿದರ್ಧಕ್ಕೆ ಬಿಡುವುದು. ಒಂದು ಜಪಸರ ಮುಗಿದರೆ ಐವತ್ತು ಸಲ ಆಗುತ್ತದೆ. ನಡೆಸು ಅಂತ ಕೇಳುವುದನ್ನು ನಿಲ್ಲಿಸಿದೆ. ಇವತ್ತಿನ ಐವತ್ತು ಮಾಡಲು ಬಲ ಕೊಡು, ಅಷ್ಟೇ ಕೇಳಿದೆ. ಮೊಣಕಾಲು 70 ಡಿಗ್ರಿ ಬಗ್ಗಿತು, ಎಷ್ಟೋ ದಿನ ಅಲ್ಲೇ ನಿಂತಿತು, ಆಮೇಲೆ 90. ಒಂದು ದಿನ ಮಧ್ಯಾಹ್ನ, ಮಳೆ ಬರುತ್ತಿತ್ತು, ಕಿಟಕಿಯಿಂದ ತೋಟ ನೋಡುತ್ತಿದ್ದೆ. ಎಷ್ಟೋ ಹೊತ್ತಿನಿಂದ ನಾನು ಏನನ್ನೂ ಕೇಳುತ್ತಿಲ್ಲ ಅಂತ ಆಗ ಹೊಳೆಯಿತು. ಕಾಲು ಹಾಗೇ ಇತ್ತು, ಸಾಲವೂ ಹಾಗೇ ಇತ್ತು. ನನಗೆ ಸಾಕು ಅನಿಸಿತ್ತು. ಮರುದಿನ ಮತ್ತೆ ಅತ್ತೆ, ಆದರೆ ಆ ಮಧ್ಯಾಹ್ನವನ್ನು ಯಾರೂ ನನ್ನಿಂದ ಕಿತ್ತುಕೊಳ್ಳಲು ಆಗಲಿಲ್ಲ.

ಆ ವರ್ಷ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಫೆಸ್ತ್‌ಗೆ, ಸೆಪ್ಟೆಂಬರ್ 8ಕ್ಕೆ, ಕೋಲು ಹಿಡಿದು ಚರ್ಚ್‌ಗೆ ಹೋದೆ. ಮಕ್ಕಳು ಮರಿಯಮ್ಮನಿಗೆ ಹೂ ಹಾಕುವುದನ್ನು ಬೆಂಚಲ್ಲಿ ಕೂತು ನೋಡಿದೆ. ಆಶೀರ್ವಾದ ಮಾಡಿದ ಹೊಸ ತೆನೆ ಮನೆಗೆ ತಂದೆ. ಈಗ ಊರಲ್ಲೇ ಎಸಿ ರಿಪೇರಿ ಮಾಡುತ್ತೇನೆ. ಎಡಗಾಲು ಸ್ವಲ್ಪ ವಾರೆ ಇದೆ, ಏಣಿ ಹತ್ತಲು ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದೇನೆ.

ನಿಮಗೆ ಹೇಳುವುದಿಷ್ಟು. ಈಸ್ಟರ್ ಎಂಬ ತಾರೀಕನ್ನು ಪ್ರಾರ್ಥನೆಯಿಂದ ತೆಗೆಯಿರಿ. ನೋವಿಲ್ಲ ಅಂತ ಕಾಲು ಊರಬೇಡಿ, ಎಷ್ಟು ಭಾರ ಹಾಕಬಹುದು ಅಂತ ಡಾಕ್ಟರ್ ಬಾಯಿಂದಲೇ ಕೇಳಿ, ಎಕ್ಸ್‌ರೇ ನೋಡಿದ ಮೇಲೆ. ಅಳು ಬಂದರೆ ಅತ್ತುಬಿಡಿ, ಬೈಬಲಿನ ಕೀರ್ತನೆಗಳಲ್ಲಿ 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ಪ್ರಾರ್ಥನೆಯೇ. ಆ ವೀಡಿಯೊಗಳನ್ನು ಬಿಡಿ. ಇನ್ನು, ಚರ್ಚಿನ ಪೂಜೆಗೆ ಹೋಗದೆ ಎರಡು ತಿಂಗಳಾಯಿತು ಅಂತ ಬರೆದಿದ್ದೀರಿ. ಹಾಸಿಗೆಯಲ್ಲಿ ಇರುವವರಿಗೆ ಫಾದರ್ ಮನೆಗೇ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ತರುತ್ತಾರೆ, ತುಂಬ ಕಡೆ ತಿಂಗಳ ಮೊದಲ ಶುಕ್ರವಾರ. ನಿಮ್ಮ ಚರ್ಚ್ ವಾರ್ಡಿನ ಮುಖ್ಯಸ್ಥರಾದ ಗುರಿಕಾರರಿಗೆ ಗೊತ್ತಿಲ್ಲದಿದ್ದರೆ ಯಾರೂ ಬರುವುದಿಲ್ಲ. ನಾಳೆ ಬೆಳಿಗ್ಗೆ ಅವರಿಗೆ ಒಂದು ಫೋನ್ ಮಾಡಿ.