ಪುಲ್ಯಾ ಪ್ರವಾಸ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಬರುವ ಆಗಸ್ಟ್‌ನಲ್ಲಿ ದಕ್ಷಿಣ ಇಟಲಿಯ ಪುಲ್ಯಾ ಕರಾವಳಿಗೆ ಹೋಗುವ ಯೋಚನೆಯಿದೆ. ನಾವು ಸಸ್ಯಾಹಾರಿಗಳು. ಯಾವ ಊರುಗಳನ್ನು ನೋಡಬಹುದು?

ಉತ್ತರ: ಸಾಧ್ಯವಾದರೆ ಪ್ರವಾಸವನ್ನು ಸೆಪ್ಟೆಂಬರ್‌ಗೆ ಮುಂದೂಡಿ. ಆಗಸ್ಟ್ 15ರ ಹಬ್ಬದ ಆಸುಪಾಸಿನಲ್ಲಿ ಇಟಲಿಯವರೇ ಕಡಲತೀರಕ್ಕೆ ಬಂದು ಸೇರುವುದರಿಂದ ಉರಿಬಿಸಿಲಿನ ಜೊತೆಗೆ ಜನಜಂಗುಳಿಯನ್ನೂ ಸಹಿಸಬೇಕಾಗುತ್ತದೆ. ಬಾರಿ ನಗರದಲ್ಲಿ ಇಳಿದು, ಹಳೆಯ ಪೇಟೆಯ ಓಣಿಗಳಲ್ಲಿ ನಿಧಾನವಾಗಿ ನಡೆಯಿರಿ. ಅಲ್ಲಿ ಹೆಂಗಸರು ಮನೆಬಾಗಿಲಲ್ಲೇ ಮಣೆ ಹಾಕಿಕೊಂಡು, ಗೋಧಿರವೆಯ ಹಿಟ್ಟಿನ ಚೂರನ್ನು ಚಾಕುವಿನಿಂದ ಎಳೆದು, ಹೆಬ್ಬೆರಳ ಮೇಲೆ ಮಗುಚಿ, ಪುಟ್ಟ ಕಿವಿಯಂತಿರುವ ‘ಒರೆಕ್ಯೆತ್ತೆ’ ಪಾಸ್ತಾ ಮಾಡುತ್ತಾರೆ. ಅದನ್ನು ಸೊಪ್ಪಿನೊಡನೆ ಬಡಿಸುವಾಗ ಸಣ್ಣ ಮೀನು ಬೆರೆಸುವ ವಾಡಿಕೆಯಿರುವುದರಿಂದ ಮೊದಲೇ ಕೇಳಿಕೊಳ್ಳಿ. ಒಣಗಿದ ಬೇಳೆಕಾಳನ್ನು ನುಣ್ಣಗೆ ಬೇಯಿಸಿ, ಕಹಿ ಸೊಪ್ಪಿನೊಂದಿಗೆ ಕೊಡುವ ‘ಫಾವೆ ಎ ಚಿಕೋರಿಯಾ’ ನಿಮಗೆ ಖಂಡಿತ ಹಿಡಿಸುತ್ತದೆ.

ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಶಂಕುವಿನಾಕಾರದ ‘ತ್ರುಲ್ಲಿ’ ಮನೆಗಳಿರುವ ಅಲ್ಬೆರೊಬೆಲ್ಲೊ 1996ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಗಲಿಡೀ ಅಲ್ಲಿ ಬಸ್ಸುಗಟ್ಟಲೆ ಪ್ರವಾಸಿಗರು ಇರುತ್ತಾರಾದ್ದರಿಂದ ಒಂದು ರಾತ್ರಿ ಅಲ್ಲಿಯೇ ತಂಗಿ, ಬೆಳಗಿನ ಜಾವದಲ್ಲಿ ಸುತ್ತಾಡುವುದು ಮೇಲು. ಬಂಡೆಯಂಚಿನ ಪೊಲಿನ್ಯಾನೊ ಆ ಮಾರೆ, ಸುಣ್ಣ ಬಳಿದ ಒಸ್ತೂನಿ ಎರಡನ್ನೂ ಬಾರಿಯಿಂದ ರೈಲಿನಲ್ಲೇ ಹೋಗಿ ನೋಡಬಹುದು.