ಹಂಕ್ ಫೇಲ್ ಆಯ್ತಾ? ಪ್ಯಾಚ್ ಫೈಲನ್ನು ಒಮ್ಮೆ ಬಿಚ್ಚಿ ಓದಿ

ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕು ಒಂದೇ ಆಟದ ಸುತ್ತ ಇವೆ. ಆಟದ ಹೆಸರು ನೆಟ್‌ಹ್ಯಾಕ್. ಗೊತ್ತಿಲ್ಲದವರಿಗೆ ಎರಡು ಮಾತು: ಇದು 1987ರಿಂದ ಇರುವ ಆಟ. ಚಿತ್ರ ಇಲ್ಲ, ಸದ್ದು ಇಲ್ಲ, ಕಪ್ಪು ಟರ್ಮಿನಲ್ ಮೇಲೆ ಬರೀ ಅಕ್ಷರಗಳು. @ ಅಂದರೆ ನೀವು. ನೆಲದಡಿಯ ಮಹಡಿ ಮಹಡಿ ಇಳಿದು ಒಂದು ತಾಯಿತ ತರಬೇಕು. ಸತ್ತರೆ ಮುಗಿಯಿತು, ಮೊದಲಿನಿಂದ ಶುರು. ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ. ಹಾಗಾಗಿ ಜನ ಅದನ್ನು ಆಡುವುದಕ್ಕಿಂತ ಜಾಸ್ತಿ ಬಿಚ್ಚಿ ಜೋಡಿಸುತ್ತಾರೆ. ಕೋಡಿನಲ್ಲಿ ಏನೇನು ಬದಲಿಸಬೇಕು ಅಂತ ಬರೆದಿಟ್ಟ ಫೈಲೇ ಪ್ಯಾಚ್, ಅದರ ಒಂದೊಂದು ತುಂಡು ಹಂಕ್.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಪ್ರಶ್ನೆ: ನೆಟ್‌ಹ್ಯಾಕ್ 3.6.7ರ ಸೋರ್ಸ್ ಇಳಿಸಿಕೊಂಡೆ. ಶಾಪ ತಟ್ಟಿದ ವಸ್ತುಗಳು ಮೆನುವಿನಲ್ಲಿ ಕೆಂಪಾಗಿ ಕಾಣುವ ಹಾಗೆ ಮಾಡುವ ಪ್ಯಾಚ್ ಒಂದು ಸಿಕ್ಕಿತು, ಅದು 3.4.3ಕ್ಕೆ ಬರೆದದ್ದು. ಹಾಕಿದರೆ ಕೆಲವು ಕಡೆ ‘ಹಂಕ್ ಸಕ್ಸೀಡೆಡ್’, ಕೆಲವು ಕಡೆ ‘ಹಂಕ್ ಫೇಲ್ಡ್’ ಬಂತು. ಇನ್ನೊಮ್ಮೆ ಹಾಕಿದೆ, ಏನೇನೋ ಪ್ರಶ್ನೆ ಕೇಳಿತು. ಎಲ್ಲಕ್ಕೂ ‘ವೈ’ ಒತ್ತಿದೆ. ಈಗ ಕಂಪೈಲ್ (ಕೋಡನ್ನು ಓಡುವ ಆಟವಾಗಿ ಕಟ್ಟುವುದು) ಕೂಡ ಆಗುತ್ತಿಲ್ಲ. (ಶಿವಮೊಗ್ಗದ ಇಂಜಿನಿಯರಿಂಗ್ ವಿದ್ಯಾರ್ಥಿ)

ಉತ್ತರ: ಮೊದಲು ಸಿಹಿ ಸುದ್ದಿ. ಆ ಪ್ಯಾಚ್ ನಿಮಗೆ ಬೇಕಾಗಿಯೇ ಇಲ್ಲ! ಮೆನು ಬಣ್ಣದ ಸೌಲಭ್ಯ 3.6.0ರಲ್ಲೇ ಆಟದೊಳಗೆ ಸೇರಿಕೊಂಡಿದೆ. ಮನೆಯೊಳಗಿರುವ ಬೀಗದ ಕೈಗೆ ಊರೆಲ್ಲ ಹುಡುಕಿದ ಹಾಗಾಯ್ತು. ನಿಮ್ಮ ಹೋಮ್ ಫೋಲ್ಡರಿನಲ್ಲಿರುವ ನೆಟ್‌ಹ್ಯಾಕ್ ಆಯ್ಕೆಗಳ ಫೈಲಿಗೆ ಎರಡು ಸಾಲು ಸೇರಿಸಿದರೆ ಸಾಕು. ಒಂದು ‘ಮೆನುಕಲರ್ಸ್’ ಆಯ್ಕೆಯನ್ನು ಆನ್ ಮಾಡುವುದು. ಇನ್ನೊಂದು ‘ಕರ್ಸ್ಡ್’ ಅನ್ನುವ ಪದ ಕಂಡರೆ ಕೆಂಪು ಬಣ್ಣ ಹಚ್ಚು ಅನ್ನುವುದು. ಆ ಪದದ ಹಿಂದೆ ಮುಂದೆ ಒಂದೊಂದು ಸ್ಪೇಸ್ ಬಿಟ್ಟು ಕೋಟ್ ಹಾಕಿ. ಯಾಕೆ ಅಂದರೆ ‘ಅನ್‌ಕರ್ಸ್ಡ್’ ಅನ್ನುವುದರೊಳಗೂ ‘ಕರ್ಸ್ಡ್’ ಇದೆಯಲ್ಲ! ಸ್ಪೇಸ್ ಬಿಡದಿದ್ದರೆ ಶಾಪ ಇಲ್ಲದ ವಸ್ತುವೂ ಕೆಂಪಾಗಿ ಕಾಣುತ್ತದೆ. ನಾನು ಹೀಗೆ ಒಳ್ಳೆಯ ಕವಚವೊಂದನ್ನು ವಾರಗಟ್ಟಲೆ ಮುಟ್ಟದೆ ಇಟ್ಟಿದ್ದೆ.

ಆದರೂ ನಿಮ್ಮ ಪ್ರಶ್ನೆಯ ಬೇರು ಬೇರೆ ಕಡೆ ಇದೆ. ನಾಳೆ ಇನ್ನೊಂದು ಪ್ಯಾಚ್ ಹಾಕುವಾಗಲೂ ಇದೇ ಆಗುತ್ತದೆ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪ್ಯಾಚ್ ಅಂದರೆ ತೇಪೆ. ಬಟ್ಟೆಯ ತೇಪೆ ಎಲ್ಲಿ ಬೇಕಾದರೂ ಕೂರುತ್ತದೆ, ಕೋಡಿನ ತೇಪೆ ಕೂರಲ್ಲ. ಅದು ತನ್ನ ಸುತ್ತಲಿನ ದಾರ ಯಾವುದು, ಯಾವ ಬಣ್ಣದ್ದು ಅಂತ ನೋಡಿಕೊಂಡೇ ಕೂರುವುದು. ನಿಮ್ಮ ಪ್ಯಾಚ್ ಫೈಲನ್ನು ಯಾವುದಾದರೂ ಎಡಿಟರಿನಲ್ಲಿ ತೆರೆಯಿರಿ. ಅದು ಬರೀ ಟೆಕ್ಸ್ಟ್. ಹೀಗೊಂದು ಸಾಲು ಕಾಣುತ್ತದೆ:

@@ -412,7 +412,9 @@

ಇದನ್ನು ಓದುವುದು ಹೀಗೆ. ಹಳೆಯ ಫೈಲಿನಲ್ಲಿ 412ನೇ ಸಾಲಿನಿಂದ 7 ಸಾಲು ತಗೋ. ಹೊಸದರಲ್ಲಿ ಅದೇ ಜಾಗ 9 ಸಾಲಾಗುತ್ತದೆ. ಇದರ ಕೆಳಗೆ ಮೈನಸ್ ಗುರುತಿನ ಸಾಲು ಇದ್ದರೆ ಅದನ್ನು ಅಳಿಸು, ಪ್ಲಸ್ ಇದ್ದರೆ ಸೇರಿಸು, ಎರಡೂ ಇಲ್ಲದಿದ್ದರೆ ಅದು ಬರೀ ಗುರುತಿಗೆ ಇರುವ ಸಾಲು. ಮಾಮೂಲಿಯಾಗಿ ಬದಲಾವಣೆಯ ಮೇಲೆ ಮೂರು, ಕೆಳಗೆ ಮೂರು ಗುರುತಿನ ಸಾಲು ಇರುತ್ತವೆ. ಲೆಕ್ಕ ಹಾಕಿ ನೋಡಿ: 6 ಗುರುತಿನ ಸಾಲು, 1 ಅಳಿಸುವುದು, 3 ಸೇರಿಸುವುದು. ಹಳೆಯದು 7, ಹೊಸದು 9. ಸರಿಹೋಯ್ತಲ್ವಾ? ಇಂಥ ಒಂದೊಂದು ತುಂಡಿಗೂ ಹಂಕ್ ಅನ್ನುತ್ತಾರೆ.

ಪ್ಯಾಚ್ ಪ್ರೋಗ್ರಾಮ್ 412ನೇ ಸಾಲಿಗೆ ಹೋಗಿ ಆ ಗುರುತಿನ ಸಾಲುಗಳನ್ನು ಹುಡುಕುತ್ತದೆ. ಅಲ್ಲಿ ಸಿಗದಿದ್ದರೆ ಹಿಂದೆ ಮುಂದೆ ನೋಡುತ್ತದೆ. 37 ಸಾಲು ಕೆಳಗೆ ಸಿಕ್ಕರೆ ‘ಆಫ್‌ಸೆಟ್ 37’ ಅಂತ ಹೇಳಿ ಹಾಕುತ್ತದೆ. ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗುರುತಿನ ಸಾಲಲ್ಲಿ ಅಂಚಿನ ಒಂದೆರಡು ಹೊಂದದಿದ್ದರೆ ಅವನ್ನು ಬಿಟ್ಟು ಇನ್ನೊಮ್ಮೆ ನೋಡಿ ‘ಫಝ್ 1’, ‘ಫಝ್ 2’ ಅನ್ನುತ್ತದೆ. ಇಲ್ಲಿ ಮಾತ್ರ ಕಣ್ಣು ತೆರೆದಿರಿ. ಹಂಕ್ ಹಾಕಿದೆ ಅಂತ ಅದು ಹೇಳಿದರೂ ತಪ್ಪು ಜಾಗದಲ್ಲಿ ಹಾಕಿರಬಹುದು. ಆ ಜಾಗವನ್ನು ತೆರೆದು ನೋಡುವುದು ಒಳ್ಳೆಯದು. ಅಷ್ಟೂ ಹೊಂದದಿದ್ದರೆ ‘ಫೇಲ್ಡ್’, ಆ ತುಂಡನ್ನು ‘.ರೆಜ್’ ಅಂತ ಕೊನೆಯಾಗುವ ಫೈಲಿಗೆ ಎತ್ತಿಡುತ್ತದೆ.

ನಿಮ್ಮದು ಫೇಲ್ ಆದದ್ದರಲ್ಲಿ ಆಶ್ಚರ್ಯ ಇಲ್ಲ. 3.4.3 ಬಂದದ್ದು 2003ರ ಡಿಸೆಂಬರ್‌ನಲ್ಲಿ. ಮುಂದಿನ 3.6.0 ಬಂದದ್ದು 2015ರ ಡಿಸೆಂಬರ್‌ನಲ್ಲಿ. ನಡುವೆ ಹನ್ನೆರಡು ವರ್ಷ! ಅಷ್ಟು ದಿನ ಜನ ಸುಮ್ನೆ ಕೂರಲಿಲ್ಲ, 3.4.3ಕ್ಕೆ ತೇಪೆ ಮೇಲೆ ತೇಪೆ ಬರೆದರು. ಅದಕ್ಕೇ ಇವತ್ತಿಗೂ ಹುಡುಕಿದರೆ ಆ ಕಾಲದ ಪ್ಯಾಚ್‌ಗಳೇ ಜಾಸ್ತಿ ಸಿಗುವುದು. 3.6.0ರಲ್ಲಿ ಇಡೀ ಕೋಡಿನ ಇಂಡೆಂಟೇಶನ್ನನ್ನೇ, ಅಂದರೆ ಸಾಲಿನ ಶುರುವಿನಲ್ಲಿ ಬಿಡುವ ಜಾಗವನ್ನೇ ಬದಲಾಯಿಸಿದರು. ಮನುಷ್ಯನ ಕಣ್ಣಿಗೆ ಅದೇ ಸಾಲು, ಪ್ಯಾಚ್ ಪ್ರೋಗ್ರಾಮಿನ ಕಣ್ಣಿಗೆ ಬೇರೆ ಸಾಲು.

ಇನ್ನು ನೀವು ಮಾಡಿದ ನಿಜವಾದ ಎಡವಟ್ಟು ಎರಡನೇ ಸಲ ಹಾಕಿದ್ದು. ಕೆಲವು ಹಂಕ್ ಫೇಲ್ ಆದರೂ ಉಳಿದವು ಆಗಲೇ ಒಳಗೆ ಹೋಗಿರುತ್ತವೆ. ಮತ್ತೆ ಹಾಕಿದಾಗ ಅದು ‘ಇದನ್ನು ಆಗಲೇ ಹಾಕಿದ ಹಾಗಿದೆ, ವಾಪಸ್ ತೆಗೆಯಲಾ?’ ಅಂತ ಕೇಳಿತು. ನೀವು ಹೂಂ ಅಂದಿರಿ. ಅರ್ಧ ಹಾಕಿದ್ದು, ಅರ್ಧ ತೆಗೆದದ್ದು ಸೇರಿ ಈಗ ಚಿತ್ರಾನ್ನ ಆಗಿದೆ. ಅದನ್ನು ಬಿಡಿಸಲು ಕೂರಬೇಡಿ. ಫೋಲ್ಡರ್ ಅಳಿಸಿ, ಇಳಿಸಿಕೊಂಡ ಟಾರ್ ಫೈಲನ್ನು ಹೊಸದಾಗಿ ಬಿಚ್ಚಿ.

ಗಿಟ್ ಅಂದರೆ ಫೈಲುಗಳ ಹಳೆಯ ಸ್ಥಿತಿ ನೆನಪಿಡುವ ಪ್ರೋಗ್ರಾಮ್. ಬಿಚ್ಚಿದ ಕೂಡಲೇ ಆ ಫೋಲ್ಡರಿನಲ್ಲಿ ‘ಗಿಟ್ ಇನಿಟ್’ ಕೊಟ್ಟು ಎಲ್ಲವನ್ನೂ ಒಮ್ಮೆ ಕಮಿಟ್ ಮಾಡಿಕೊಳ್ಳಿ, ಅಂದರೆ ಅದರಲ್ಲಿ ದಾಖಲಿಸಿ. ಒಂದು ನಿಮಿಷದ ಕೆಲಸ. ಆಮೇಲೆ ಏನೇ ಕೆಟ್ಟರೂ ಒಂದೇ ಕಮಾಂಡಿಗೆ ಮೊದಲಿನ ಸ್ಥಿತಿ. ನಂತರ ಪ್ಯಾಚ್ ಕಮಾಂಡಿಗೆ ‘ಮೈನಸ್ ಪಿ 1’ ಜೊತೆ ‘ಮೈನಸ್ ಮೈನಸ್ ಡ್ರೈ ಮೈನಸ್ ರನ್’ ಸೇರಿಸಿ ಕೊಡಿ. ಇದು ಸುಳ್ಳು ಸುಳ್ಳೇ ಹಾಕಿ ನೋಡುವುದು, ಫೈಲ್ ಮುಟ್ಟುವುದಿಲ್ಲ. ಎಲ್ಲ ಸರಿ ಅಂದರೆ ಮಾತ್ರ ನಿಜವಾಗಿ ಹಾಕಿ. ‘ಪಿ 1’ ಯಾಕೆ? ಪ್ಯಾಚ್ ಒಳಗೆ ಫೈಲಿನ ದಾರಿ ‘ಎ/ಎಸ್‌ಆರ್‌ಸಿ/ಆಪ್ಶನ್ಸ್.ಸಿ’ ಅಂತ ಇರುತ್ತದೆ. ಮೊದಲಿನ ‘ಎ’ ಹಳೆಯ ಫೈಲು ಅನ್ನಲು ಹಾಕಿದ ಗುರುತು, ಆ ಹೆಸರಿನ ಫೋಲ್ಡರ್ ನಿಮ್ಮಲ್ಲಿ ಇಲ್ಲ. ಅದೊಂದು ಮೆಟ್ಟಿಲು ಕಿತ್ತುಹಾಕು ಅನ್ನುವುದೇ ‘ಪಿ 1’. ‘ಯಾವ ಫೈಲಿಗೆ ಹಾಕಲಿ?’ ಅಂತ ಅದು ನಿಮ್ಮನ್ನೇ ಕೇಳಿದರೆ ಈ ಸಂಖ್ಯೆ ತಪ್ಪಿದೆ, ಇಲ್ಲವೇ ನೀವು ಬೇರೆ ಫೋಲ್ಡರಿನಲ್ಲಿ ನಿಂತಿದ್ದೀರಿ ಅಂತಲೇ ಅರ್ಥ. ಕಂಟ್ರೋಲ್ ಸಿ ಒತ್ತಿ ಹೊರಗೆ ಬನ್ನಿ.

ಒಂದೆರಡು ಹಂಕ್ ಮಾತ್ರ ಫೇಲ್ ಆದರೆ ಕೈಯಿಂದಲೇ ಹಾಕಬಹುದು. ರೆಜ್ ಫೈಲ್ ಒಂದು ಕಡೆ, ಸೋರ್ಸ್ ಫೈಲ್ ಇನ್ನೊಂದು ಕಡೆ ತೆರೆಯಿರಿ. ಗುರುತಿನ ಸಾಲಲ್ಲಿ ಯಾವುದಾದರೂ ಅಪರೂಪದ ಹೆಸರನ್ನು ಹುಡುಕಿ, ಆ ಜಾಗದಲ್ಲಿ ಪ್ಲಸ್ ಸಾಲುಗಳನ್ನು ಸೇರಿಸಿ. ಇಪ್ಪತ್ತು ಹಂಕ್ ಫೇಲ್ ಆಗಿದ್ದರೆ ಆ ಕೆಲಸಕ್ಕೆ ಹೋಗಬೇಡಿ. ಪ್ಯಾಚ್ ಯಾವ ಆವೃತ್ತಿಗೆ ಬರೆದದ್ದೋ ಅದೇ ಸೋರ್ಸ್ ಇಳಿಸಿಕೊಳ್ಳುವುದು ಜಾಣತನ.

ಪ್ರಶ್ನೆ: ಪ್ಯಾಚ್ ಚೆನ್ನಾಗಿಯೇ ಕೂತಿತು. ಕಂಪೈಲ್ ಮಾಡಲು ‘ಮೇಕ್’ ಕಮಾಂಡ್ ಕೊಟ್ಟರೆ ಪರದೆ ತುಂಬ ಸಾಲು ಓಡಿ ಕೊನೆಗೆ ‘ಎರರ್ 2’ ಅನ್ನುತ್ತದೆ. ಎರರ್ 2 ಅಂದರೆ ಏನು? ಲ್ಯಾಪ್‌ಟಾಪಿನಲ್ಲಿ ಹೊಸ ಲಿನಕ್ಸ್ ಇದೆ. (ಹುಬ್ಬಳ್ಳಿಯ ಓದುಗರು)

ಉತ್ತರ: ಎರರ್ 2 ಅಂದರೆ ಏನೂ ಅಲ್ಲ. ‘ಒಳಗೆ ಯಾರೋ ಬಿದ್ದರು, ನಾನೂ ನಿಂತೆ’ ಅಂತ ಮೇಕ್ ಹೇಳುವ ಮಾತು ಅದು. ಯಾರು ಬಿದ್ದರು ಅನ್ನುವುದು ಮೇಲೆಲ್ಲೋ ಇರುತ್ತದೆ. ಎಲ್ಲ ಔಟ್‌ಪುಟ್ಟನ್ನೂ ಒಂದು ಫೈಲಿಗೆ ಕಳಿಸಿ ‘ಎರರ್:’ ಅನ್ನುವ ಪದದ ಮೊದಲ ಸಾಲು ಹುಡುಕಿ. ಮೊದಲನೆಯದು ಮುಖ್ಯ. ಉಳಿದ ಐವತ್ತು ಅದರ ಮರಿಗಳು.

ನಿಮ್ಮಲ್ಲಿ ಮೂರರಲ್ಲಿ ಒಂದು ಇರಬಹುದು.

‘ಕರ್ಸಸ್.ಎಚ್’ ಇಲ್ಲ ಅಂದರೆ ಗಾಬರಿ ಬೇಡ, ಇದು ಆಟದ ಶಾಪ ಅಲ್ಲ! ಟರ್ಮಿನಲ್ ಮೇಲೆ ಕರ್ಸರ್ ಓಡಿಸುವ ಲೈಬ್ರರಿಯ ಹೆಸರು. ಅದನ್ನು ಬಳಸುವ ಭಾಗ ನಿಮ್ಮಲ್ಲಿ ಇರುತ್ತದೆ, ಅದರ ಮೇಲೆ ಕೋಡ್ ಕಟ್ಟಲು ಬೇಕಾದ ಭಾಗ ಬೇರೆ ಪ್ಯಾಕೇಜ್. ಡೆಬಿಯನ್, ಉಬುಂಟು ಕಡೆಯಾದರೆ ‘ಲಿಬ್‌ಎನ್‌ಕರ್ಸಸ್-ಡೆವ್’, ಫೆಡೋರಾ ಆದರೆ ‘ಎನ್‌ಕರ್ಸಸ್-ಡೆವೆಲ್’. ಜೊತೆಗೆ ‘ಬೈಸನ್’, ‘ಫ್ಲೆಕ್ಸ್’ ಎರಡನ್ನೂ ಹಾಕಿಕೊಳ್ಳಿ. 3.6ರಲ್ಲಿ ಮಹಡಿಗಳ ವಿವರಣೆ ಓದುವ ಪುಟ್ಟ ಕಂಪೈಲರ್‌ಗಳು ಇವುಗಳಿಂದಲೇ ಹುಟ್ಟುವುದು.

‘ಅನ್‌ಡಿಫೈನ್ಡ್ ರೆಫರೆನ್ಸ್’ ಬಂದರೆ ಕಥೆ ಬೇರೆ. ಇದರಲ್ಲಿ ಸಿಕ್ಕಿಬಿದ್ದವರು ಬಹಳ ಜನ. ನೆಟ್‌ಹ್ಯಾಕ್‌ನಲ್ಲಿ ನೀವು ಮೊದಲು ‘ಸಿಸ್/ಯುನಿಕ್ಸ್’ ಫೋಲ್ಡರಿನ ‘ಸೆಟಪ್.ಎಸ್‌ಎಚ್’ ಓಡಿಸುತ್ತೀರಿ, ಅದಕ್ಕೆ ‘ಹಿಂಟ್ಸ್/ಲಿನಕ್ಸ್’ ಅನ್ನುವ ಫೈಲಿನ ಹೆಸರು ಕೊಡುತ್ತೀರಿ. ಅದು ಮೇಕ್‌ಫೈಲ್‌ಗಳನ್ನು (ಏನೇನು ಕಂಪೈಲ್ ಮಾಡಬೇಕು ಅಂತ ಮೇಕ್‌ಗೆ ಹೇಳುವ ಪಟ್ಟಿಗಳು) ಅಲ್ಲಿಂದ ತೆಗೆದು ಅವುಗಳ ಜಾಗಕ್ಕೆ ನಕಲು ಮಾಡುತ್ತದೆ. ಈಗ ಪ್ಯಾಚ್ ಹೊಸದೊಂದು ‘.ಸಿ’ ಫೈಲ್ ಸೇರಿಸಿತು ಅಂದುಕೊಳ್ಳಿ. ಅದರ ಹೆಸರನ್ನು ಅದು ಬರೆಯುವುದು ಸಿಸ್/ಯುನಿಕ್ಸ್ ಒಳಗಿನ ಮೂಲ ಮೇಕ್‌ಫೈಲಿಗೆ. ನೀವು ಸೆಟಪ್ ಮುಗಿಸಿ ಆಮೇಲೆ ಪ್ಯಾಚ್ ಹಾಕಿದ್ದರೆ, ಮೇಕ್ ನೋಡುತ್ತಿರುವುದು ಹಳೆಯ ನಕಲು. ಹೊಸ ಫೈಲ್ ಕಂಪೈಲ್ ಆಗುವುದೇ ಇಲ್ಲ, ಕೊನೆಗೆ ಜೋಡಿಸುವಾಗ ‘ಈ ಫಂಕ್ಷನ್ ಎಲ್ಲಿ?’ ಅಂತ ಕೂಗುತ್ತದೆ. ಸೆಟಪ್ ಇನ್ನೊಮ್ಮೆ ಓಡಿಸಿ, ಮತ್ತೆ ಮೇಕ್ ಕೊಡಿ. ಅಷ್ಟೇ.

ಮೂರನೆಯದು, ನಿಮ್ಮ ಲಿನಕ್ಸ್ ಹೊಸದು ಅಂದದ್ದಕ್ಕೆ ನೆನಪಾಯ್ತು. ನೆಟ್‌ಹ್ಯಾಕ್ 3.6ರ ಕೋಡ್ ಬರೆದ ಶೈಲಿ 1980ರ ದಶಕದ್ದು. ಫಂಕ್ಷನ್ನಿನ ಹೆಸರಿನ ಮುಂದೆ ಖಾಲಿ ಬ್ರಾಕೆಟ್ ಹಾಕಿದರೆ ‘ಒಳಗೆ ಏನು ಬರುತ್ತೋ ಆಮೇಲೆ ನೋಡೋಣ’ ಅಂತ ಆಗಿನ ಅರ್ಥ. 2025ರಲ್ಲಿ ಬಂದ ಜಿಸಿಸಿ 15 ಅನ್ನುವ ಕಂಪೈಲರ್ ಡೀಫಾಲ್ಟ್ ಆಗಿ ಸಿ ಭಾಷೆಯ ಹೊಸ ನಿಯಮವಾದ ಸಿ23 ಹಿಡಿಯುತ್ತದೆ. ಅದರ ಪ್ರಕಾರ ಖಾಲಿ ಬ್ರಾಕೆಟ್ ಅಂದರೆ ‘ಏನೂ ಬರುವುದಿಲ್ಲ’. ಹಾಗಾಗಿ ‘ಟೂ ಮೆನಿ ಆರ್ಗ್ಯುಮೆಂಟ್ಸ್’ ಅನ್ನುವ ಬೈಗುಳ ಸಾಲು ಸಾಲಾಗಿ ಬರುತ್ತದೆ. ತಪ್ಪು ನಿಮ್ಮದೂ ಅಲ್ಲ, ಪ್ಯಾಚ್ ಬರೆದವರದೂ ಅಲ್ಲ. ಹಿಂಟ್ಸ್ ಫೈಲಿನಲ್ಲಿ ‘ಸಿಫ್ಲ್ಯಾಗ್ಸ್’ ಅನ್ನುವ ಕಡೆ ‘ಮೈನಸ್ ಎಸ್‌ಟಿಡಿ = ಜಿಎನ್‌ಯು17’ ಸೇರಿಸಿ, ಸೆಟಪ್ ಮತ್ತೆ ಓಡಿಸಿ. ಕಂಪೈಲರ್ ಹಳೆಯ ನಿಯಮಕ್ಕೆ ಇಳಿದು ಬರುತ್ತದೆ.

ಪ್ರಶ್ನೆ: ವಿಂಡೋಸ್ ಒಳಗೆ ಲಿನಕ್ಸ್ (ಡಬ್ಲ್ಯುಎಸ್‌ಎಲ್) ಹಾಕಿಕೊಂಡಿದ್ದೇನೆ. ವೆಬ್ ಪುಟದಿಂದ ಪ್ಯಾಚ್ ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಉಳಿಸಿದೆ. ಆವೃತ್ತಿ ಸರಿ ಇದೆ, ಆದರೂ ಒಂದೂ ಹಂಕ್ ಕೂರುತ್ತಿಲ್ಲ. (ಮೈಸೂರಿನ ಗೃಹಿಣಿ)

ಉತ್ತರ: ಎಲ್ಲ ಹಂಕ್‌ಗಳೂ ಒಟ್ಟಿಗೆ ಫೇಲ್ ಆದರೆ ಅನುಮಾನ ಪಡಬೇಕಾದದ್ದು ಕಣ್ಣಿಗೆ ಕಾಣದ ಅಕ್ಷರಗಳನ್ನು. ಪುಟದಿಂದ ಕಾಪಿ ಮಾಡಿದಾಗ ಟ್ಯಾಬ್‌ಗಳು ಸ್ಪೇಸ್ ಆಗಿಬಿಡಬಹುದು. ವಿಂಡೋಸ್ ಎಡಿಟರ್ ಸಾಲಿನ ಕೊನೆಗೆ ತನ್ನದೊಂದು ಅಕ್ಷರ ಹೆಚ್ಚಿಗೆ ಅಂಟಿಸಿರಬಹುದು. ಫೈಲನ್ನು ಕಾಪಿ ಮಾಡದೆ ನೇರ ಡೌನ್‌ಲೋಡ್ ಮಾಡಿ, ಬಹುತೇಕ ಅಲ್ಲಿಗೇ ಮುಗಿಯುತ್ತದೆ. ಆಗದಿದ್ದರೆ ಆ ಹೆಚ್ಚಿನ ಅಕ್ಷರ ತೆಗೆಯುವ ‘ಡಾಸ್2ಯುನಿಕ್ಸ್’ ಒಮ್ಮೆ ಓಡಿಸಿ. ‘ಮ್ಯಾಲ್‌ಫಾರ್ಮ್ಡ್ ಪ್ಯಾಚ್’ ಅಂತ ಬಂದರೆ ಕಾಪಿ ಮಾಡುವಾಗ ಯಾವುದೋ ಸಾಲು ಬಿಟ್ಟುಹೋಗಿದೆ, @@ ಸಾಲಿನ ಲೆಕ್ಕಕ್ಕೂ ಕೆಳಗಿನ ಸಾಲುಗಳಿಗೂ ತಾಳೆ ಆಗುತ್ತಿಲ್ಲ.

ಪ್ರಶ್ನೆ: ಹೊಸದಾಗಿ ಕಂಪೈಲ್ ಮಾಡಿದ ಮೇಲೆ ನನ್ನ ಹಳೆಯ ಸೇವ್ ತೆರೆಯುತ್ತಿಲ್ಲ. ಹದಿನೈದನೇ ಮಹಡಿಯಲ್ಲಿದ್ದೆ ಸಾರ್! ಇನ್ನೊಂದು: ನಾನೇ ಮಾಡಿದ ಸಣ್ಣ ಬದಲಾವಣೆಯನ್ನು ಗೆಳತಿಗೆ ಪ್ಯಾಚ್ ಮಾಡಿ ಕಳಿಸುವುದು ಹೇಗೆ? (ಮಂಗಳೂರಿನ ಓದುಗರು)

ಉತ್ತರ: ನಿಮ್ಮ ಸಂಕಟ ಗೊತ್ತು, ನಾನೂ ಒಬ್ಬಳು ವಾಲ್ಕಿರಿಯನ್ನು (ಆಟದ ಯೋಧೆ ಪಾತ್ರ) ಹೀಗೇ ಕಳಕೊಂಡವನು. ಈ ಆಟ ತನ್ನ ಮೆಮೊರಿಯಲ್ಲಿರುವುದನ್ನು ಇದ್ದ ಹಾಗೇ ಸೇವ್ ಫೈಲಿಗೆ ಬರೆಯುತ್ತದೆ. ಪ್ಯಾಚ್ ಆ ಜೋಡಣೆಗೆ ಒಂದು ಖಾನೆ ಸೇರಿಸಿದರೂ ಹಳೆಯ ಫೈಲ್ ಅಳತೆಗೆ ಬರುವುದಿಲ್ಲ. ಅದಕ್ಕೇ ಪ್ಯಾಚ್ ಬರೆಯುವವರು ‘ಪ್ಯಾಚ್‌ಲೆವೆಲ್.ಎಚ್’ ಫೈಲಿನ ‘ಎಡಿಟ್‌ಲೆವೆಲ್’ ಸಂಖ್ಯೆಯನ್ನು ಒಂದು ಹೆಚ್ಚಿಸುತ್ತಾರೆ. ಆಗ ಹಳೆಯ ಸೇವ್‌ಗಳನ್ನು ಆಟ ಬೇಕಂತಲೇ ತಿರಸ್ಕರಿಸುತ್ತದೆ. ಆ ಸಂಖ್ಯೆಯನ್ನು ಇಳಿಸಿ ಮೋಸ ಮಾಡಲು ಹೋಗಬೇಡಿ, ತೆರೆದರೂ ಒಳಗೆ ಎಲ್ಲ ಅಡ್ಡಾದಿಡ್ಡಿ ಇರುತ್ತದೆ. ಸೇವ್ ಫೈಲ್ ಉಳಿದಿದ್ದರೆ ಹಳೆಯ ಸೋರ್ಸನ್ನು ಬೇರೆ ಫೋಲ್ಡರಿಗೆ ಕಂಪೈಲ್ ಮಾಡಿ ಅದರಲ್ಲೇ ಆಟ ಮುಗಿಸಿ. ಎಲ್ಲಿ ಇನ್‌ಸ್ಟಾಲ್ ಆಗಬೇಕು ಅನ್ನುವುದನ್ನು ಹಿಂಟ್ಸ್ ಫೈಲಿನ ‘ಪ್ರಿಫಿಕ್ಸ್’ ಹೇಳುತ್ತದೆ. ಒಂದೊಂದು ಪ್ಯಾಚಿಗೂ ಒಂದೊಂದು ಪ್ರಿಫಿಕ್ಸ್ ಕೊಟ್ಟರೆ ಒಂದರ ಸೇವ್ ಇನ್ನೊಂದರ ತಂಟೆಗೆ ಬರುವುದಿಲ್ಲ.

ಗೆಳತಿಗೆ ಕಳಿಸುವುದು ಸುಲಭ. ಮುಟ್ಟದ ಸೋರ್ಸ್ ಒಂದು ಫೋಲ್ಡರಿನಲ್ಲಿ, ನಿಮ್ಮದು ಪಕ್ಕದ ಫೋಲ್ಡರಿನಲ್ಲಿ ಇರಲಿ. ನಿಮ್ಮದರಲ್ಲಿ ಮೊದಲು ‘ಮೇಕ್ ಸ್ಪಾಟ್‌ಲೆಸ್’ ಕೊಟ್ಟು ಕಂಪೈಲ್ ಕಸ ತೆಗೆಯಿರಿ. ಆಮೇಲೆ ಎರಡರ ವ್ಯತ್ಯಾಸ ಬರೆದುಕೊಡುವ ‘ಡಿಫ್’ ಕಮಾಂಡಿಗೆ ಯು, ಆರ್, ಎನ್ ಮೂರು ಆಯ್ಕೆ ಕೊಟ್ಟು, ಹಳೆಯ ಫೋಲ್ಡರ್ ಮೊದಲು, ಹೊಸದು ನಂತರ. ಯು, ಆರ್ ಚಿಕ್ಕಕ್ಷರ, ಎನ್ ದೊಡ್ಡಕ್ಷರ. ಚಾಟ್‌ನಲ್ಲಿ ಪೇಸ್ಟ್ ಮಾಡಬೇಡಿ, ಫೈಲಾಗಿಯೇ ಕಳಿಸಿ. ಮೈಸೂರಿನವರ ಪಾಡು ನೋಡಿದಿರಲ್ಲ. ನೆಟ್‌ಹ್ಯಾಕ್‌ನ ಪರವಾನಗಿ ಇದಕ್ಕೆಲ್ಲ ಅವಕಾಶ ಕೊಡುತ್ತದೆ. ಬದಲಿಸಿದ ಫೈಲಿನಲ್ಲಿ ನೀವು ಬದಲಿಸಿದ್ದೀರಿ ಅನ್ನುವುದನ್ನೂ ತಾರೀಖನ್ನೂ ಬರೆಯಬೇಕು ಅನ್ನುತ್ತದೆ, ಅದನ್ನು ಬಿಡಬೇಡಿ.

ಕಳಿಸುವ ಮುಂಚೆ ಆ ಫೈಲನ್ನು ನೀವೇ ಒಮ್ಮೆ ತೆರೆದು ನೋಡಿ. ನೀವು ಬದಲಿಸಿದ್ದು ಐದು ಸಾಲು, ಫೈಲ್ ಮಾತ್ರ 300 ಸಾಲು ಇದ್ದರೆ ಸೆಟಪ್ ನಕಲು ಮಾಡಿದ ಮೇಕ್‌ಫೈಲ್‌ಗಳೂ ಒಳಗೆ ಸೇರಿಕೊಂಡಿವೆ. ಅವನ್ನು ಅಳಿಸಿ ಡಿಫ್ ಇನ್ನೊಮ್ಮೆ ತೆಗೆಯಿರಿ.