ಹೋದವರ ಲೆಕ್ಕ ಮೊದಲು, ಬಂದವರ ಲೆಕ್ಕ ಆಮೇಲೆ: ಕೆಂಟಕಿ ತಂಡದ ಬಗ್ಗೆ ನಿಮ್ಮ ಪ್ರಶ್ನೆಗೆ ಉತ್ತರ

ಮಾನ್ಯ ಸ್ನೇಹಿತರೇ,

ಲೆಕ್ಸಿಂಗ್ಟನ್‌ಗೆ ಬಂದು ನೆಲೆಸಿದ ಮೇಲೆ ಕೆಂಟಕಿ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡದ ಅಭಿಮಾನಿಯಾದಿರೆಂದೂ, ಆದರೆ ಆಟಗಾರರ ಮುಖಪರಿಚಯ ಆಗುವಷ್ಟರಲ್ಲಿ ಏಪ್ರಿಲ್ ಬಂದು ಅರ್ಧಕ್ಕರ್ಧ ತಂಡವೇ ಹೊರಟುಹೋಗುತ್ತದೆಂದೂ ಬರೆದಿದ್ದೀರಿ. ಅವರು ಏಕೆ ಹೋಗುತ್ತಾರೆ, ಹೊಸದಾಗಿ ಬರುವವರು ಗಟ್ಟಿಗರೋ ಅಲ್ಲವೋ ಎಂದು ತಿಳಿಯುವ ಬಗೆ ಯಾವುದು, ಹೋದವರ ಮೇಲೆ ಸಿಟ್ಟಾಗುವುದು ನ್ಯಾಯವೇ ಎಂದು ಕೇಳಿದ್ದೀರಿ. ಬಹಳ ಕಾಲದಿಂದ ಇದೇ ತಂಡವನ್ನು ನೋಡುತ್ತ ಬಂದವನಾಗಿ ನಾನು ಕಂಡುಕೊಂಡ ಮುಖ್ಯ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸ ಹೆಸರುಗಳ ಸುದ್ದಿಗೆ ಮರುಳಾಗುವ ಮೊದಲು ಹೋದವರು ತಂಡದಲ್ಲಿ ಏನು ಕೆಲಸ ಮಾಡುತ್ತಿದ್ದರು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಅದು ತಿಳಿಯದೆ ಬಂದವರ ಬೆಲೆ ತಿಳಿಯುವುದಿಲ್ಲ.

ಹೊರಡುವವರೆಲ್ಲ ಒಂದೇ ಬಗೆಯವರಲ್ಲ. ಕೆಲವರಿಗೆ ಕಾಲೇಜು ತಂಡಕ್ಕೆ ಆಡುವ ಅರ್ಹತೆಯ ವರ್ಷಗಳೇ ಮುಗಿದಿರುತ್ತವೆ. ಅವರ ಬಗ್ಗೆ ಹೇಳುವುದೇನೂ ಇಲ್ಲ. ಇನ್ನು ಕೆಲವರು ಎನ್‌ಬಿಎ ಡ್ರಾಫ್ಟ್‌ಗೆ, ಅಂದರೆ ವೃತ್ತಿಪರ ಲೀಗಿನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆಗೆ, ಹೋಗುತ್ತಾರೆ. 2006ರ ಡ್ರಾಫ್ಟ್‌ನಿಂದ ಈಚೆಗೆ ಅಮೆರಿಕದ ಆಟಗಾರನಿಗೆ 19 ವರ್ಷ ತುಂಬುತ್ತಿರಬೇಕು, ಹೈಸ್ಕೂಲು ಮುಗಿದು ಒಂದು ವರ್ಷ ಕಳೆದಿರಬೇಕು ಎಂಬ ನಿಯಮವಿರುವುದರಿಂದ, ಅತ್ಯಂತ ಪ್ರತಿಭಾವಂತ ಹುಡುಗರು ಆ ಒಂದು ವರ್ಷವನ್ನು ಕಾಲೇಜಿನಲ್ಲಿ ಕಳೆದು ಮುಂದೆ ಹೋಗುವುದು ವಾಡಿಕೆಯಾಯಿತು. 2009ರಿಂದ 2024ರವರೆಗೆ ಇಲ್ಲಿ ಕೋಚ್ ಆಗಿದ್ದ ಜಾನ್ ಕ್ಯಾಲಿಪರಿ ಇದನ್ನೇ ತಮ್ಮ ಪದ್ಧತಿಯನ್ನಾಗಿ ಮಾಡಿಕೊಂಡರು. 2012ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡದಿಂದ ಆರು ಮಂದಿ ಆ ವರ್ಷದ ಡ್ರಾಫ್ಟ್‌ನಲ್ಲಿ ಆಯ್ಕೆಯಾದರು. ಮೊದಲ ಎರಡು ಸ್ಥಾನಗಳೂ ಆಂಥೊನಿ ಡೇವಿಸ್ ಮತ್ತು ಮೈಕೆಲ್ ಕಿಡ್-ಗಿಲ್‌ಕ್ರಿಸ್ಟ್ ಅವರ ಪಾಲಾದವು. ಆ ಬಗೆಯ ನಿರ್ಗಮನ ನವೆಂಬರ್‌ನಲ್ಲೇ ಗೊತ್ತಿರುತ್ತಿತ್ತು, ಆದ್ದರಿಂದ ಅಭಿಮಾನಿಗಳು ಅದಕ್ಕೆ ಮನಸ್ಸನ್ನು ಸಿದ್ಧಪಡಿಸಿಕೊಂಡಿರುತ್ತಿದ್ದರು.

ನಿಮ್ಮನ್ನು ಗೊಂದಲಕ್ಕೆ ತಳ್ಳಿರುವುದು ಮೂರನೆಯ ಬಗೆ, ಅಂದರೆ ಟ್ರಾನ್ಸ್‌ಫರ್ ಪೋರ್ಟಲ್: ಬೇರೆ ಕಾಲೇಜಿಗೆ ಹೋಗಬಯಸುವ ಆಟಗಾರರು ಹೆಸರು ಕೊಡುವ ಪಟ್ಟಿ. ಇದು 2018ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಆಗ ಕಾಲೇಜು ಬದಲಿಸಿದ ಬ್ಯಾಸ್ಕೆಟ್‌ಬಾಲ್ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಬಾರಿ ಕೂರದೆಯೇ ಬದಲಾಯಿಸಲು ಅವಕಾಶ ಸಿಕ್ಕಿತು. 2024ರ ಏಪ್ರಿಲ್‌ನಲ್ಲಿ, ಓದಿನ ಅರ್ಹತೆ ಸರಿಯಿದ್ದರೆ ಎಷ್ಟು ಬಾರಿಯಾದರೂ ಬದಲಾಯಿಸಬಹುದು ಎಂದಾಯಿತು. ಇದರ ನಡುವೆ, 2021ರ ಜುಲೈ 1ರಿಂದ, ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯುವ ಎನ್‌ಐಎಲ್ ವ್ಯವಸ್ಥೆಯೂ ಬಂದಿತು. ಹೋಗುವ ಬಾಗಿಲು ತೆರೆದದ್ದು ಮತ್ತು ಹೋದ ಕಡೆ ಹಣ ಸಿಗತೊಡಗಿದ್ದು, ಎರಡೂ ಒಂದೇ ಬೇಸಿಗೆಯಲ್ಲಿ ಕೂಡಿಬಂದವು. ಇವತ್ತಿನ ಸ್ಥಿತಿಗೆ ಯಾವ ಒಬ್ಬ ಹುಡುಗನ ಗುಣವೂ ಕಾರಣವಲ್ಲ, ಈ ಕೂಡುವಿಕೆಯೇ ಕಾರಣ.

ಇದು ಎಷ್ಟರ ಮಟ್ಟಿಗೆ ಹೋಗಬಹುದು ಎಂಬುದಕ್ಕೆ ನಮ್ಮ ತಂಡದ 2024ರ ವಸಂತಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆ ಮಾರ್ಚ್‌ನಲ್ಲಿ ಓಕ್‌ಲೆಂಡ್ ವಿಶ್ವವಿದ್ಯಾಲಯದ ಎದುರು ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತಿನಲ್ಲೇ 80–76ರಿಂದ ಸೋತೆವು. ಆ ಪಂದ್ಯದಲ್ಲಿ ಓಕ್‌ಲೆಂಡ್‌ನ ಜ್ಯಾಕ್ ಗೋಲ್ಕಿ ಒಬ್ಬರೇ, ದೂರದಿಂದ ಹಾಕುವ ಮೂರು-ಪಾಯಿಂಟ್ ಎಸೆತಗಳನ್ನು ಹತ್ತು ಬಾರಿ ಹಾಕಿದ್ದರು. ಅದಾದ ಸ್ವಲ್ಪ ದಿನಗಳಲ್ಲೇ ಕ್ಯಾಲಿಪರಿ ಆರ್ಕನ್ಸಾ ವಿಶ್ವವಿದ್ಯಾಲಯದ ತಂಡಕ್ಕೆ ಹೊರಟರು. ರೀಡ್ ಶೆಪರ್ಡ್ ಮತ್ತು ರಾಬ್ ಡಿಲ್ಲಿಂಗ್‌ಹ್ಯಾಮ್ ಎನ್‌ಬಿಎಗೆ ಹೋದರು, ಪಂದ್ಯಕ್ಕೆ 20 ಅಂಕ ತರುತ್ತಿದ್ದ ಆಂಟೋನಿಯೊ ರೀವ್ಸ್ ಅವರ ಅರ್ಹತೆ ಮುಗಿದಿತ್ತು, ಡಿಜೆ ವ್ಯಾಗ್ನರ್, ಅಡೂ ತಿಯೆರೊ ಮತ್ತು ಜ್ವೊನಿಮಿರ್ ಇವಿಸಿಚ್ ಹಳೆಯ ಕೋಚ್‌ನ ಹಿಂದೆಯೇ ಆರ್ಕನ್ಸಾ ಸೇರಿದರು. ಕೆಂಟಕಿಗೆ ಬರುವುದಾಗಿ ಮಾತು ಕೊಟ್ಟಿದ್ದ ಬೂಗಿ ಫ್ಲ್ಯಾಂಡ್, ಕಾರ್ಟರ್ ನಾಕ್ಸ್, ಬಿಲ್ಲಿ ರಿಚ್ಮಂಡ್ ಸಹ ದಾರಿ ಬದಲಿಸಿದರು. ಕೆಂಟಕಿಯದೇ 1996ರ ಪ್ರಶಸ್ತಿ ವಿಜೇತ ತಂಡದ ನಾಯಕರಲ್ಲೊಬ್ಬರಾಗಿದ್ದ ಮಾರ್ಕ್ ಪೋಪ್ ಹೊಸ ಕೋಚ್ ಆಗಿ ಬಂದಾಗ ಸ್ವಾಗತಿಸಲು ನಮ್ಮ ತವರು ಕ್ರೀಡಾಂಗಣ ರಪ್ ಅರೀನಾ ತುಂಬಿತ್ತು, ಆದರೆ ಹಿಂದಿನ ವರ್ಷ ಸ್ಕಾಲರ್‌ಶಿಪ್ ಮೇಲೆ ಆಡಿದ ಒಬ್ಬನೇ ಒಬ್ಬ ಆಟಗಾರನೂ ಅವರ ಕೈಯಲ್ಲಿ ಉಳಿಯಲಿಲ್ಲ.

ಆಗ ಪೋಪ್ ಮಾಡಿದ ಕೆಲಸವನ್ನು ಗಮನವಿಟ್ಟು ನೋಡಿದರೆ ನಿಮ್ಮ ಎರಡನೆಯ ಪ್ರಶ್ನೆಗೆ ಹೆಚ್ಚಿನ ಉತ್ತರ ಅಲ್ಲೇ ಸಿಗುತ್ತದೆ. ಅವರು ಹೆಸರಿಗಿಂತ ಕೆಲಸ ನೋಡಿ ಆರಿಸಿದರು. ತಮ್ಮ ಆಟ ಮೂರು-ಪಾಯಿಂಟ್ ಎಸೆತದ ಮೇಲೆ ನಿಂತಿರುವುದರಿಂದ ಡೇಟನ್‌ನಿಂದ ಕೋಬಿ ಬ್ರಿಯಾ ಅವರನ್ನು ಕರೆತಂದರು. ಅವರು 2023–24ರಲ್ಲಿ ಅಂಥ ಎಸೆತಗಳಲ್ಲಿ ಶೇಕಡಾ 49.8ನ್ನು ಗುರಿ ಮುಟ್ಟಿಸಿ ಇಡೀ ದೇಶಕ್ಕೇ ಮೊದಲಿಗರಾಗಿದ್ದರು. ಎದುರಾಳಿಯ ಮುಖ್ಯ ಗಾರ್ಡ್‌ನನ್ನು (ಚೆಂಡು ನಡೆಸುವ ಆಟಗಾರನನ್ನು) ತಡೆಯಲು ಸ್ಯಾನ್ ಡಿಯೇಗೊ ಸ್ಟೇಟ್‌ನಿಂದ ಲಮಾಂಟ್ ಬಟ್ಲರ್ ಬಂದರು. ಡ್ರೆಕ್ಸೆಲ್‌ನಲ್ಲಿ ರಕ್ಷಣೆಗೆ ಹೆಸರಾಗಿದ್ದ ಅಮಾರಿ ವಿಲಿಯಮ್ಸ್ ಇಲ್ಲಿ ಸೆಂಟರ್ ಸ್ಥಾನದಿಂದ, ಅಂದರೆ ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರನ ಜಾಗದಿಂದ, ಚೆಂಡು ಹಂಚುವ ಕೆಲಸವನ್ನೂ ವಹಿಸಿಕೊಂಡರು. ಓಕ್ಲಹೋಮಾದಿಂದ ಬಂದ ಒಟೆಗಾ ಓವೇ ಆ ತಂಡದ ಅತಿ ಹೆಚ್ಚು ಅಂಕ ಗಳಿಸುವ ಆಟಗಾರರಾದರು. ಬೇರೆ ಬೇರೆ ಊರುಗಳಿಂದ ಒಂದೇ ಬೇಸಿಗೆಯಲ್ಲಿ ಕೂಡಿಸಿದ ಆ ತಂಡ ಡ್ಯೂಕ್ ತಂಡವನ್ನು ಸೋಲಿಸಿತು, ಟೆನೆಸ್ಸಿಯನ್ನು ಲೀಗ್ ಹಂತದಲ್ಲಿ ಎರಡು ಬಾರಿ ಸೋಲಿಸಿತು, ರಾಷ್ಟ್ರೀಯ ಟೂರ್ನಿಯಲ್ಲಿ ಕೊನೆಯ ಹದಿನಾರರವರೆಗೆ ತಲುಪಿ ಅಲ್ಲಿ ಅದೇ ಟೆನೆಸ್ಸಿಗೆ ಶರಣಾಯಿತು. ಬಟ್ಲರ್, ಕೆರ್ ಕ್ರೀಸಾ ಮತ್ತು ಜ್ಯಾಕ್ಸನ್ ರಾಬಿನ್ಸನ್ ಗಾಯಗೊಂಡಾಗ ಅವರ ಜಾಗಕ್ಕೆ ಅದೇ ವ್ಯವಸ್ಥೆಯಲ್ಲಿ ಎರಡು-ಮೂರು ವರ್ಷ ಪಳಗಿದ ಹುಡುಗರಿರಲಿಲ್ಲ. ಪೋರ್ಟಲ್‌ನಿಂದ ಕಟ್ಟಿದ ತಂಡದ ನಿಜವಾದ ದೌರ್ಬಲ್ಯ ಅದೇ ಎಂದು ನನ್ನ ಅಭಿಪ್ರಾಯ.

ಈಗ ಲೆಕ್ಕ ಹಾಕುವ ವಿಧಾನಕ್ಕೆ ಬರೋಣ. ಒಂದು ಪಂದ್ಯ 40 ನಿಮಿಷ, ಅಂಕಣದಲ್ಲಿ ಐವರು; ಆದ್ದರಿಂದ ಪ್ರತಿ ಪಂದ್ಯದಲ್ಲಿ ಕೋಚ್ ಹಂಚುವುದು ಒಟ್ಟು 200 ನಿಮಿಷಗಳನ್ನು. ಹೋದವರ ಸರಾಸರಿ ನಿಮಿಷಗಳನ್ನು ಕೂಡಿಸಿದರೆ ಎಷ್ಟು ಖಾಲಿಯಾಯಿತು ಎಂಬುದು ಒಂದೇ ಸಾಲಿನಲ್ಲಿ ತಿಳಿಯುತ್ತದೆ. ಐವರು ಹೋದರು ಎಂಬ ಸುದ್ದಿ ಭಯ ಹುಟ್ಟಿಸಬಹುದು, ಆದರೆ ಆ ಐವರೂ ಸೇರಿ 30 ನಿಮಿಷ ಆಡುತ್ತಿದ್ದರೆ ತಂಡ ಬಹುತೇಕ ಹಾಗೆಯೇ ಇದೆ ಎಂದರ್ಥ. ಒಬ್ಬನೇ ಹೋದರೂ ಅವನು 35 ನಿಮಿಷ ಚೆಂಡು ನಡೆಸುತ್ತಿದ್ದವನಾದರೆ ಅದು ದೊಡ್ಡ ನಷ್ಟ. ನಿಮಿಷಗಳ ಪಕ್ಕದಲ್ಲಿ ಕೆಲಸವನ್ನೂ ಬರೆಯಿರಿ: ಚೆಂಡನ್ನು ಮುಂದಕ್ಕೆ ತರುವವನು ಯಾರಾಗಿದ್ದ, ಬುಟ್ಟಿಯ ಬಳಿ ಕಾಯುವವನು ಯಾರಾಗಿದ್ದ, ದೂರದಿಂದ ಎಸೆಯುವವನು ಯಾರಾಗಿದ್ದ. ಆಮೇಲೆ ಬರುವ ಪ್ರತಿಯೊಬ್ಬನನ್ನೂ ಆ ಖಾಲಿ ಜಾಗಗಳ ಎದುರಿಗೆ ಇಟ್ಟು ನೋಡಿ. ಇದೇ ಕೆಲಸವನ್ನು ಹೆಚ್ಚು ಸೂಕ್ಷ್ಮವಾಗಿ ಮಾಡುವ ಕೆನ್‌ಪಾಮ್ ಮತ್ತು ಟಾರ್ವಿಕ್ ಅಂಕಿಅಂಶ ತಾಣಗಳಿವೆ; ಆದರೆ ಒಂದು ಋತುವಾದರೂ ಕೈಯಾರೆ ಬರೆದರೆ ತಂಡ ಅರ್ಥವಾಗುವಷ್ಟು ಪಟ್ಟಿ ಓದಿದರೆ ಆಗುವುದಿಲ್ಲ.

ಬರುವವರನ್ನು ಅಳೆಯುವಾಗ ಸಣ್ಣ ಲೀಗಿನ ಅಂಕಗಳನ್ನು ಹಾಗೆಯೇ ನಂಬಬೇಡಿ. ಫೇರ್‌ಲೀ ಡಿಕಿನ್ಸನ್‌ನಲ್ಲಿ ಪಂದ್ಯಕ್ಕೆ 16 ಅಂಕ ಗಳಿಸಿದ್ದ ಆನ್ಸ್ಲಿ ಆಲ್ಮನೋರ್ ಕೆಂಟಕಿಯಲ್ಲಿ ಬೆಂಚಿನಿಂದ ಬಂದು ಮೂರು-ಪಾಯಿಂಟ್ ಹಾಕುವ ಆಟಗಾರರಾದರು. ಅದು ಸೋಲಲ್ಲ, ಆ ಮಟ್ಟದಲ್ಲಿ ಅವರಿಗೆ ಹೊಂದುವ ಕೆಲಸ ಅದಾಗಿತ್ತು. ಎಸೆತದ ನಿಖರತೆ, ಫ್ರೀ ಥ್ರೋ (ಫೌಲ್ ಆದಾಗ ಸಿಗುವ ತಡೆಯಿಲ್ಲದ ಎಸೆತ), ಚೆಂಡು ಕಳೆದುಕೊಳ್ಳದಿರುವ ಗುಣ ದೊಡ್ಡ ಲೀಗಿಗೂ ಜೊತೆಯಲ್ಲೇ ಬರುತ್ತವೆ. ತನ್ನಷ್ಟಕ್ಕೆ ತಾನೇ ಎದುರಾಳಿಯನ್ನು ದಾಟಿ ಅಂಕ ಗಳಿಸುವ ಸಾಮರ್ಥ್ಯ ಮಾತ್ರ ಅಷ್ಟು ಸುಲಭವಾಗಿ ಬರುವುದಿಲ್ಲ. ಹೈಸ್ಕೂಲಿನಿಂದ ಬರುವವರಿಗೆ ವಿಶ್ಲೇಷಕರು ಪ್ರತಿಭೆ ಅಳೆದು ಕೊಡುವ ನಕ್ಷತ್ರಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. 2023ರಲ್ಲಿ ನಮ್ಮಲ್ಲಿಗೆ ಬಂದ ಜಸ್ಟಿನ್ ಎಡ್ವರ್ಡ್ಸ್ ಆ ವರ್ಷದ ದೇಶದ ಮೊದಲ ಐವರಲ್ಲಿ ಎಣಿಸಲ್ಪಟ್ಟಿದ್ದರು, ಆದರೆ ಮರುವರ್ಷ ಡ್ರಾಫ್ಟ್‌ನಲ್ಲಿ ಆಯ್ಕೆಯಾಗಲಿಲ್ಲ. ಅವರಿಗಿಂತ ಕೆಳಗಿನ ಶ್ರೇಯಾಂಕದಲ್ಲಿದ್ದ, ಇದೇ ರಾಜ್ಯದ ಲಂಡನ್ ಊರಿನ ರೀಡ್ ಶೆಪರ್ಡ್ ಮೂರನೆಯವರಾಗಿ ಆಯ್ಕೆಯಾದರು. ಪರ್ಡ್ಯೂ ತಂಡದ ಜ್ಯಾಕ್ ಈಡಿ ಹೈಸ್ಕೂಲು ಮುಗಿಸಿದಾಗ ನೂರಾರು ಹುಡುಗರ ಹಿಂದಿದ್ದರು; ನಾಲ್ಕು ವರ್ಷ ಒಂದೇ ಕಡೆ ಉಳಿದು 2023 ಮತ್ತು 2024ರಲ್ಲಿ ದೇಶದ ಶ್ರೇಷ್ಠ ಆಟಗಾರರೆನಿಸಿದರು. ನಕ್ಷತ್ರಗಳು ಸುಳ್ಳೆಂದು ನಾನು ಹೇಳುವುದಿಲ್ಲ, ಮೇಲಿನ ಹತ್ತು ಹದಿನೈದು ಹೆಸರುಗಳಲ್ಲಿ ಅವು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಆದರೆ 18ರ ಹುಡುಗನನ್ನು 22–23ರ ವಯಸ್ಸಿನ ಪಳಗಿದ ಆಟಗಾರನ ಎದುರು ನಿಲ್ಲಿಸುವ ಈ ಕಾಲದಲ್ಲಿ ನಾಲ್ಕು ನಕ್ಷತ್ರದ ಹೊಸಬನಿಗಿಂತ ಮಧ್ಯಮ ಲೀಗಿನ ಒಳ್ಳೆಯ ಮೂರನೇ ವರ್ಷದವನನ್ನು ನಾನು ಮೊದಲು ಆರಿಸುತ್ತೇನೆ. 2025ರಲ್ಲಿ ಪ್ರಶಸ್ತಿ ಗೆದ್ದ ಫ್ಲಾರಿಡಾ ತಂಡದ ಮುಖ್ಯ ಗಾರ್ಡ್‌ಗಳೂ ಅಂಥವರೇ: ವಾಲ್ಟರ್ ಕ್ಲೇಟನ್ ಐಯೋನಾದಿಂದ, ವಿಲ್ ರಿಚರ್ಡ್ ಬೆಲ್ಮಾಂಟ್‌ನಿಂದ, ಅಲೈಜಾ ಮಾರ್ಟಿನ್ ಫ್ಲಾರಿಡಾ ಅಟ್ಲಾಂಟಿಕ್‌ನಿಂದ ಬಂದವರು.

ಹಣದ ಬಗ್ಗೆ ಬಹಳ ಹೇಳುವುದಿಲ್ಲ. 2025ರ ಜುಲೈ 1ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದಾಗಿದೆ. ಮೊದಲ ವರ್ಷದ ಮಿತಿ ಎಲ್ಲ ಕ್ರೀಡೆಗಳಿಗೂ ಸೇರಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಹಿಂದೆ 13 ಸ್ಕಾಲರ್‌ಶಿಪ್‌ಗಳಿದ್ದ ಕಡೆ ಈಗ 15 ಆಟಗಾರರ ಮಿತಿ ಇದೆ. ಯಾರಿಗೆ ಎಷ್ಟು ಕೊಟ್ಟರು ಎಂಬ ಒಪ್ಪಂದಗಳು ಸಾಮಾನ್ಯವಾಗಿ ಬಹಿರಂಗವಾಗುವುದಿಲ್ಲ, ಆದ್ದರಿಂದ ಇಂಥವನಿಗೆ ಇಷ್ಟು ಲಕ್ಷವಂತೆ ಎಂಬ ಸುದ್ದಿಗಳನ್ನು ಆಧಾರವಾಗಿಟ್ಟುಕೊಂಡು ಯಾರ ಬಗ್ಗೆಯೂ ತೀರ್ಪು ಕೊಡಬೇಡಿ. ಇನ್ನೊಂದು ಮಾತು: ವಿದ್ಯಾರ್ಥಿ ವೀಸಾದ ಮೇಲೆ ಬಂದ ವಿದೇಶಿ ಆಟಗಾರರಿಗೆ ಈ ಹಣ ಪಡೆಯಲು ಕಾನೂನಿನ ತೊಡಕುಗಳಿವೆ. ನಮ್ಮ ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಆರಿಜೋನಾ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ ಆಡಿದವರು. ಮುಂದೆ ಅದೇ ದಾರಿ ಹಿಡಿಯಬಯಸುವ ಮಕ್ಕಳಿರುವ ಪಾಲಕರು ಈ ಅಂಶವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಸಿಟ್ಟಿನ ವಿಷಯ. ಟ್ರ್ಯಾವಿಸ್ ಪೆರಿ ಹೋದಾಗ ನನಗೂ ಬೇಸರವಾಯಿತು. ಈ ರಾಜ್ಯದ ಹೈಸ್ಕೂಲು ಬಾಲಕರ ಆಟದಲ್ಲಿ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ ಗಳಿಸಿದ ಹುಡುಗ, ಒಂದು ವರ್ಷ ನಮ್ಮ ತಂಡದ ನೀಲಿ ಬಟ್ಟೆ ತೊಟ್ಟು 2025ರಲ್ಲಿ ಓಲೆ ಮಿಸ್‌ಗೆ (ಮಿಸಿಸಿಪ್ಪಿ ವಿಶ್ವವಿದ್ಯಾಲಯ) ಹೊರಟರು. ಆದರೆ ಆಗ ಪೋಪ್ ಪೋರ್ಟಲ್‌ನಿಂದ ಹಿರಿಯ ಗಾರ್ಡ್‌ಗಳನ್ನು ಕರೆತರುತ್ತಿದ್ದರು, ಹಾಗಾಗಿ ಹೆಚ್ಚು ನಿಮಿಷಗಳು ಸಿಗುವ ಕಡೆ ನೋಡಿದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಕೋಚ್ ಹೆಚ್ಚಿನ ಸಂಬಳಕ್ಕೆ ಬೇರೆಡೆ ಹೋಗಬಹುದಾದರೆ, 19ರ ಹುಡುಗ ಹೋಗಬಾರದೇಕೆ? ಜೇಡನ್ ಕ್ವೆಂಟೆನ್ಸ್ ಮೊದಲು ಕೆಂಟಕಿಗೆ ಮಾತು ಕೊಟ್ಟು, ಕೊನೆಗೆ ಆರಿಜೋನಾ ಸ್ಟೇಟ್ ಸೇರಿ, ಒಂದು ವರ್ಷದ ನಂತರ ಪೋರ್ಟಲ್ ಮೂಲಕ ಕೆಂಟಕಿಗೇ ಬಂದರು. ಹೋಗುವವರ ಖಾತೆಗಳಿಗೆ ಹೋಗಿ ಬೈಗುಳ ಬರೆಯುವವರು ನಮ್ಮ ಈ ಅಭಿಮಾನಿಗಳ ಗುಂಪಿನಲ್ಲೂ ಕೆಲವರಿದ್ದಾರೆ. ದಯವಿಟ್ಟು ಅದನ್ನು ನಿಲ್ಲಿಸಬೇಕೆಂದು ಅವರನ್ನೂ ಇಲ್ಲೇ ಕೇಳಿಕೊಳ್ಳುತ್ತೇನೆ. ಮುಂದೆ ಬರಬೇಕಾದ ಹುಡುಗರೂ ಅವರ ತಾಯಿತಂದೆಯರೂ ಅದನ್ನೆಲ್ಲ ಓದುತ್ತಾರೆ.

ಕೊನೆಯದಾಗಿ, ಯಾವಾಗ ನೋಡಬೇಕು ಎಂಬುದು. ಪೋರ್ಟಲ್‌ಗೆ ಹೆಸರು ಕೊಟ್ಟ ಮಾತ್ರಕ್ಕೆ ಆಟಗಾರ ಹೋದ ಎಂದಲ್ಲ, ವಿಶ್ವವಿದ್ಯಾಲಯ ಒಪ್ಪಿದರೆ ಹಿಂದಿರುಗಬಹುದು. ಡ್ರಾಫ್ಟ್‌ಗೆ ಹೆಸರು ಕೊಟ್ಟವನೂ ಮೇ ಕೊನೆಯೊಳಗೆ ಹಿಂದೆ ಪಡೆದು ಕಾಲೇಜಿಗೆ ಮರಳಬಹುದು. 2025ರಲ್ಲಿ ಓವೇ ಹಾಗೆಯೇ ಮರಳಿದರು. ಹೈಸ್ಕೂಲಿನ ಹುಡುಗ ಬಾಯಿಮಾತಿನಲ್ಲಿ ಕೊಡುವ ಕಮಿಟ್‌ಮೆಂಟ್ ಯಾರನ್ನೂ ಕಟ್ಟಿಹಾಕುವುದಿಲ್ಲ, ಸಹಿ ಆದ ಮೇಲೆಯೇ ಎಣಿಸಿ. ಆದ್ದರಿಂದ ಏಪ್ರಿಲ್‌ನಲ್ಲಿ ಹೋದವರ ಪಟ್ಟಿಯನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳಿ, ಜೂನ್ ಮೊದಲ ವಾರದಲ್ಲಿ ಅದನ್ನು ಸರಿಪಡಿಸಿ, ಅಕ್ಟೋಬರ್‌ನ ಪ್ರದರ್ಶನ ಪಂದ್ಯಗಳಲ್ಲಿ ಯಾರು ಚೆಂಡು ನಡೆಸುತ್ತಾರೆ, ಮೊದಲ ಬದಲಿಯಾಗಿ ಯಾರು ಏಳುತ್ತಾರೆ ಎಂಬುದನ್ನು ಅದರ ಪಕ್ಕದಲ್ಲಿ ತುಂಬಿಸಿ. ನಿಮ್ಮ ಪಟ್ಟಿ ಸಿದ್ಧವಾದಾಗ ಇಲ್ಲಿ ಹಾಕಿ. ಪ್ರತಿ ಜಾಗಕ್ಕೂ ಯಾರು ಹೊಂದುತ್ತಾರೆಂದು ಒಟ್ಟಿಗೆ ಕೂತು ನೋಡೋಣ.